ಎರಡನೆಯ ಒಲೆ

ಹ್ಯಾರಿಸನ್, ನ್ಯೂಜೆರ್ಸಿ
ಫೆಬ್ರವರಿ ೭, ೨೦೧೦, ಭಾನುವಾರ

ಪ್ರೀತಿಯ ಮಗಳು ನೌರೀನ್‌ಗೆ,

ಅಸ್ಸಲಾಮು ಅಲೈಕುಮ್. ಹೇಗಿದ್ದೀಯ? ಮಲೇರಿಯಾ ಮಾತ್ರೆ ತಪ್ಪದೆ ನುಂಗುತ್ತಿದ್ದೀಯ ತಾನೇ? ಸೊಳ್ಳೆಪರದೆ ಒಂದು ಮೂಲೆಯಲ್ಲಿ ಹರಿದಿದೆ ಎಂದು ನವೆಂಬರಿನಲ್ಲಿ ನೀನು ಅಬ್ಬಾಗೆ ಬರೆದಿದ್ದೆ. ಹೊಲಿದುಕೊಂಡೆಯಾ, ಇಲ್ಲ ಸೇಫ್ಟಿ ಪಿನ್ ಚುಚ್ಚಿ ಬಿಟ್ಟಿದ್ದೀಯಾ? ದರ್ಜಿಯ ಮಗಳಾಗಿಯೂ ನಿನ್ನ ಪೆಟ್ಟಿಗೆಯಲ್ಲಿ ಸೂಜಿಗಿಂತ ಸೇಫ್ಟಿ ಪಿನ್ನುಗಳೇ ಜಾಸ್ತಿ ಎಂಬುದು ನನಗೆ ಗೊತ್ತು. ಹೊಟ್ಟೆ ಹೇಗಿದೆ? ಮದುವೆ ಮನೆಯ ಬಿರಿಯಾನಿ ತಿಂದರೆ ಎರಡು ದಿನ ಜೀರಿಗೆ ಕಷಾಯ ಕುಡಿಯುತ್ತಿದ್ದವಳು ನೀನು. ಅಂಥವಳು ಆಫ್ರಿಕಾದ ಒಂದು ಕೆರೆಯ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ಹೇಳುವ ಕೆಲಸಕ್ಕೆ ಹೋಗಿದ್ದೀಯ. ನೀರನ್ನು ಬಾಟಲಿಯಲ್ಲಿ ಕುಲುಕಿ ನೋಡುತ್ತೀಯೋ, ಕುಡಿದೇ ನೋಡುತ್ತೀಯೋ, ಅಲ್ಲಾಹ್‌ನೇ ಬಲ್ಲ. ಕುದಿಸಿ ಕುಡಿ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಈಗ ಚೆನ್ನಾಗಿದ್ದೇವೆ ಎನ್ನಬೇಕು, ಯಾಕೆಂದು ಮುಂದೆ ಹೇಳುತ್ತೇನೆ.

ಎಂಟು ತಿಂಗಳಾದ ಮೇಲೆ ಅಮ್ಮಿಯ ಅಕ್ಷರ ನೋಡಿ ನಿನಗೆ ಗಾಬರಿಯಾಗಿದ್ದರೆ ಕೂತುಕೋ, ಕೆಟ್ಟ ಸುದ್ದಿ ಏನೂ ಇಲ್ಲ. ಬಾಯಲ್ಲಿ ಎಷ್ಟು ಉರ್ದು ಆಡಿದರೂ ಮೈಸೂರಿನ ಕನ್ನಡ ಶಾಲೆಯಲ್ಲಿ ಓದಿದ ನನಗೆ ಮನಸ್ಸು ಬಿಚ್ಚಿ ಬರೆಯಲು ಬರುವುದು ಇದೊಂದೇ ಭಾಷೆ. ನಿನ್ನ ಅಬ್ಬಾ ಇದನ್ನು ಸ್ಕ್ಯಾನ್ ಮಾಡಿ ಇ-ಮೇಲ್ ಮಾಡುತ್ತಾರಂತೆ, ಶನಿವಾರ ಪೇಟೆಗೆ ಬಂದಾಗ ಓದು. ನೀನು ಅವರಿಗೆ ಕಳಿಸಿದ ಒಂದೊಂದು ಪತ್ರವನ್ನೂ ಅವರು ಪ್ರಿಂಟ್ ತೆಗೆದು, ಓದಿ, ಮರೆತವರ ಹಾಗೆ ಕತ್ತರಿ ಮೇಜಿನ ಮೇಲೆ ಬಿಟ್ಟುಹೋಗುತ್ತಿದ್ದರು. ನಾನು ಒಂದನ್ನೂ ಮುಟ್ಟಿಲ್ಲ ಎಂದು ನಿನಗೆ ಹೇಳಿರಬಹುದು. ಎಲ್ಲವನ್ನೂ ಎರಡೆರಡು ಸಲ ಓದಿದ್ದೇನೆ. ಕಳೆದ ತಿಂಗಳಿನ ಪತ್ರದಲ್ಲಿ ಏಪ್ರಿಲ್‌ಗೆ ಕೆಲಸದ ಅವಧಿ ಮುಗಿಯುತ್ತದೆ, ಇನ್ನೊಂದು ವರ್ಷ ಇರಿ ಎಂದು ಕೇಳುತ್ತಿದ್ದಾರೆ, ಅಮ್ಮಿ ಒಪ್ಪಿದರೆ ಮಾತ್ರ ಇರುತ್ತೇನೆ ಎಂದು ಬರೆದಿದ್ದೆಯಲ್ಲ, ಅದನ್ನು ಮೂರು ಸಲ ಓದಿದೆ. ಅದೇ ವಾರ ವೆಸ್ಟ್ ವಿಂಡ್ಸರ್‌ನ ಪದ್ಮಜಾ ಆಂಟಿ ಫೋನ್ ಮಾಡಿದ್ದರು. ಮಾನ್ಮತ್ ಜಂಕ್ಷನ್ನಿನಲ್ಲಿ ಅವರಿರುವ ಔಷಧಿ ಕಂಪನಿಯ ಲ್ಯಾಬಿಗೆ ಮತ್ತೆ ಜನ ತೆಗೆದುಕೊಳ್ಳುತ್ತಿದ್ದಾರಂತೆ. ಹದಿನಾಲ್ಕು ತಿಂಗಳ ಹಿಂದೆ ನಿಮ್ಮನ್ನೆಲ್ಲ ಒಂದೇ ಮಧ್ಯಾಹ್ನ ಕೆಲಸದಿಂದ ತೆಗೆದು, ರಟ್ಟಿನ ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿದ ಊರಿನಲ್ಲಿ ಕೆಲಸ ಖಾಲಿ ಇದೆ ಎಂಬ ಮಾತು ಕೇಳುವುದೇ ಒಂದು ಹಬ್ಬ. "ನೌರೀನ್ ಹೆಸರು ನಾನೇ ಕೊಡ್ತೀನಿ ದಿಲ್ಶಾದ್, ಫೆಬ್ರವರಿ ಎಂಡ್ ಒಳಗೆ ಹೂಂ ಅನ್ನಿ ಸಾಕು" ಎಂದರು. ನನಗಂತೂ ನೀನು ಏಪ್ರಿಲ್‌ನಲ್ಲಿ ನುವಾರ್ಕ್ ಏರ್‌ಪೋರ್ಟಿನಲ್ಲಿ ಇಳಿದೇ ಬಿಟ್ಟ ಹಾಗಾಯಿತು.

ಈಗ ಅಂಗಡಿಯ ವಿಷಯ. ನೀನು ಹೋದಾಗ ಹೇಗಿತ್ತೋ ಹಾಗೇ ಇದೆ, ಸ್ವಲ್ಪ ಬಡವಾಗಿದೆ. ನ್ಯೂಯಾರ್ಕಿನ ಬ್ಯಾಂಕುಗಳಿಗೆ ರೈಲಿನಲ್ಲಿ ಕಮ್ಯೂಟ್ ಮಾಡುವ ಗಂಡಸರು ಹೊಸ ಸೂಟಿನ ಅಳತೆಗೆ ಬರುತ್ತಿದ್ದ ಕಾಲ ಹೋಯಿತು. ಈಗ ಹಳೆಯ ಸೂಟು ತಂದು ಸೊಂಟ ಚಿಕ್ಕದು ಮಾಡಿಕೊಡಿ, ಇಂಟರ್‌ವ್ಯೂ ಇದೆ ಎನ್ನುತ್ತಾರೆ. ಎಲ್ಲರೂ ತೆಳ್ಳಗಾಗಿದ್ದಾರೆ. ನಿನ್ನ ಅಬ್ಬಾ ಅಂಥವರಿಗೆ ಬೆಳಿಗ್ಗೆ ಕೊಟ್ಟದ್ದನ್ನು ಸಂಜೆಯೊಳಗೆ ಹೊಲಿದು ಕೊಟ್ಟು, "ಕೆಲ್ಸ ಸಿಕ್ಕಿದ್ ಮೇಲೆ ಬಂದು ಹೇಳಿ" ಎಂದು ಕಳಿಸುತ್ತಾರೆ. ಇಂಥ ಕಾಲದಲ್ಲಿ ನಿನ್ನ ಅಬ್ಬಾ ಇಸಾಕ್ ಸಾಹೇಬರು ಏನು ಮಾಡಿದರು ಗೊತ್ತೇ? ನಿರಾಶ್ರಿತರನ್ನು ಇಲ್ಲಿ ನೆಲೆಗೊಳಿಸುವ ಕಚೇರಿಗೆ ಹೋಗಿ, ನನ್ನ ಮಗಳು ಉಗಾಂಡಾದ ನಕಿವಾಲೆಯ ನಿರಾಶ್ರಿತರ ಶಿಬಿರದಲ್ಲಿ ಕೆಲಸಕ್ಕಿದ್ದಾಳೆ, ಅಲ್ಲಿಂದ ಬಂದವರು ಯಾರಾದರೂ ಹೊಲಿಗೆ ಬಲ್ಲವರು ಇದ್ದರೆ ಕಳಿಸಿ ಎಂದು ಕೇಳಿ ಬಂದರು. ಕೆಲಸಕ್ಕೆ ಜನ ಬೇಕಿರಲಿಲ್ಲ. ಅಲ್ಲಿ ಹಾವು ಇದೆಯೇ, ಚಳಿಗಾಲ ಇದೆಯೇ ಎಂದು ಕೇಳಲು ಒಬ್ಬರು ಬೇಕಿತ್ತು, ಅಷ್ಟೇ. ನಾನು ಮೂರು ದಿನ ಅವರೊಂದಿಗೆ ಮಾತು ಬಿಟ್ಟೆ.

ಹೀಗೆ ಆಗಸ್ಟಿನಲ್ಲಿ ಕೊನ್ಸೊಲಾಟಾ ಬಂದಳು. ಅವಳ ವಿಷಯ ಅಬ್ಬಾ ಬರೆದಿದ್ದಾರೆ, ಆದರೆ ಗಂಡಸರು ಬರೆಯುವ ಹಾಗೆ, ಹೊಲಿಗೆ ಸಣ್ಣದಾಗಿ ಹಾಕುತ್ತಾಳೆ ಎಂದಷ್ಟೇ. ಮೂವತ್ತಮೂರು ವರ್ಷ, ಗಂಡ ಇಲ್ಲ, ಹತ್ತು ವರ್ಷದ ಮಗಳೊಬ್ಬಳು. ಮೂಲ ಕಾಂಗೋ ದೇಶದವಳು, ಯುದ್ಧದಲ್ಲಿ ತಾಯಿಯ ಜೊತೆ ಗಡಿ ದಾಟಿ ನಕಿವಾಲೆಗೆ ಬಂದವಳು. ಮೊದಲ ದಿನವೇ ನಿನ್ನ ಅಬ್ಬಾ ನಿನ್ನ ಫೋಟೋ ತೋರಿಸಿ ಹೆಸರು ಹೇಳಿಬಿಟ್ಟಿದ್ದರು. ಅವರ ಕಡೆ ಮಕ್ಕಳಿರುವ ಹೆಂಗಸನ್ನು ಅವಳ ಹೆಸರಿನಿಂದ ಕರೆಯುವುದು ಮರ್ಯಾದೆಯಲ್ಲವಂತೆ, ಮಗುವಿನ ಹೆಸರಿಗೆ ಮಾಮಾ, ಅಂದರೆ ಅಮ್ಮ, ಎಂದು ಸೇರಿಸಿ ಕರೆಯಬೇಕಂತೆ. ನಾನು ನಿನ್ನ ಹೆಸರು ಈ ಮನೆಯಲ್ಲಿ ಎತ್ತಕೂಡದು ಎಂದು ಹಟ ಹಿಡಿದ ದಿನಗಳು ಅವು. ಅವಳು ಬಂದವಳೇ, "ಮಾಮಾ ನೌರೀನ್, ಈ ಪ್ಯಾಂಟಿಗೆ ಎಷ್ಟು ಇಂಚು?" "ಮಾಮಾ ನೌರೀನ್, ದಾರ ಮುಗೀತು." ದಿನಕ್ಕೆ ಮೂವತ್ತು ಸಲ! ಗಿರಾಕಿಗಳೂ ನನ್ನನ್ನು ಮಿಸೆಸ್ ನೌರೀನ್ ಎನ್ನತೊಡಗಿದರು. ಅವಳಿಗೆ ಬೇಡ ಎನ್ನಲು ನಾಲಿಗೆ ಬರಲಿಲ್ಲ. ನಿನ್ನ ಅಬ್ಬಾ ಮೆಷಿನ್ನಿನ ಮೇಲೆ ಬಗ್ಗಿ ನಗು ಅಡಗಿಸುತ್ತಿದ್ದುದನ್ನು ನಾನು ನೋಡಿಲ್ಲ ಎಂದುಕೊಂಡಿದ್ದಾರೆ.

ನಿನ್ನ ಪತ್ರದಲ್ಲಿ ಇಲ್ಲದ್ದನ್ನು ಅವಳಿಂದ ತಿಳಿದೆ. ನೀನು ನೀರು, ಪೈಪು, ಇಷ್ಟು ಸಾವಿರ ಜನ ಎಂದು ಬರೆಯುತ್ತೀಯ. ಅವಳು ಹೇಳಿದ್ದು ಹೀಗೆ. ಆ ಜಾಗಕ್ಕೆ ಮೊದಲು ಬಂದವರು ರುವಾಂಡಾದವರು, ಐವತ್ತು ವರ್ಷದ ಹಿಂದೆ. ಲೆಕ್ಕ ಹಾಕಿದರೆ ನಮ್ಮ ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ ಜಾಗ ಕೊಟ್ಟ ಕಾಲವೇ ಹೆಚ್ಚುಕಡಿಮೆ. ಟಿಬೆಟಿನವರು ಕಾಡು ಕಡಿದು ಮುಸುಕಿನ ಜೋಳ ಬೆಳೆದ ಹಾಗೆ ಅಲ್ಲಿ ಕೆರೆಯ ದಂಡೆಯ ಹುಲ್ಲುಗಾವಲಿನಲ್ಲಿ ರುವಾಂಡಾದವರೂ ಜೋಳ, ಹುರುಳಿಕಾಯಿ ಬೆಳೆದರು. ಮೂವತ್ತೈದು ವರ್ಷ ಇದ್ದು, ಅವರಲ್ಲಿ ಬಹಳ ಜನ ತೊಂಬತ್ತನಾಲ್ಕರಲ್ಲಿ ತಮ್ಮ ದೇಶಕ್ಕೆ ಹಿಂದಿರುಗಿದರಂತೆ. ಆಮೇಲೆ ಕಾಂಗೋದವರು, ಸೋಮಾಲಿಯಾದವರು, ಬುರುಂಡಿಯವರು. ಕೊನ್ಸೊಲಾಟಾ ಮತ್ತು ತಾಯಿಗೆ ಒಂದು ತುಂಡು ನೆಲ, ಒಂದು ಗುದ್ದಲಿ, ಒಂದು ಪಾತ್ರೆ, ಕಂಬಳಿ, ನೀರಿನ ಕ್ಯಾನು, ಮಾಡಿಗೆ ಒಂದು ಟಾರ್ಪಾಲು ಕೊಟ್ಟು, ಕಟ್ಟಿಕೊಳ್ಳಿ ಎಂದರಂತೆ. ನೆಲ ಅಗೆದರೆ ಹಿಂದಿನವರ ಬೀಸುಕಲ್ಲು ಸಿಕ್ಕಿತು, ಮೂಲೆಯಲ್ಲಿ ಅವರು ನೆಟ್ಟ ಬೆಣ್ಣೆಹಣ್ಣಿನ ಮರ ಕಾಯಿ ಬಿಟ್ಟು ನಿಂತಿತ್ತು. ಯಾರೋ ಹೆಸರು ತಿಳಿಯದವರು ಬೆಳೆಸಿದ ಮರದ ಹಣ್ಣು ತಿಂದು ಮೊದಲ ತಿಂಗಳು ಕಳೆದೆವು, ಆ ಜನ ಎಲ್ಲಿದ್ದರೂ ಚೆನ್ನಾಗಿರಲಿ ಎಂದು ಅಮ್ಮ ದಿನಾ ಹೇಳುತ್ತಿದ್ದಳು ಎನ್ನುತ್ತಾಳೆ. ಉದ್ದ ಕೊಂಬಿನ ದನಗಳು ಬೇಲಿ ಮುರಿದು ಪೈರು ತಿನ್ನುತ್ತಿದ್ದವು, ದನದ ಒಡೆಯರೊಂದಿಗೆ ಜಗಳ. ನೀರಿಗೆ ಬೆಳಗಿನಿಂದ ಸಾಲು. ರೇಷನ್ ಹಿಟ್ಟು ತಿಂಗಳ ಕೊನೆಯ ವಾರಕ್ಕೆ ಮುಗಿಯುತ್ತಿತ್ತು. ಅಲ್ಲೇ ಹೆಂಗಸರ ಸಂಘದ ತುಳಿಯುವ ಮೆಷಿನ್ನಿನಲ್ಲಿ ಹೊಲಿಗೆ ಕಲಿತಳು. ಅಷ್ಟು ಕಷ್ಟ ಹೇಳುವಾಗಲೂ ಅವಳ ಬಾಯಲ್ಲಿ ಅದು "ನಮ್ಮ ಮನೆ". ಕ್ಯಾಂಪು ಎಂದು ನಾನು ಅಂದರೆ ತಿದ್ದುತ್ತಾಳೆ.

ಇನ್ನು ನಿನ್ನಿಂದ ಮುಚ್ಚಿಟ್ಟದ್ದು. ಡಿಸೆಂಬರಿನಲ್ಲಿ ಆ ದೊಡ್ಡ ಹಿಮ ಬಿದ್ದ ಮರುದಿನ ಅಂಗಡಿಯ ಮುಂದೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಐದು ವಾರ ಪ್ಲಾಸ್ಟರ್. ಅಕ್ಷರ ಇಷ್ಟು ಸೊಟ್ಟ ಇರುವುದಕ್ಕೆ ಅದೇ ಕಾರಣ, ವಯಸ್ಸಲ್ಲ. ಅಬ್ಬಾಗೆ ನಾನೇ ಆಣೆ ಹಾಕಿದ್ದೆ ಹೇಳಬಾರದೆಂದು. ಮಗಳೇ, ಬಲಗೈ ಇಲ್ಲದ ಹೆಂಗಸಿಗೆ ಗಂಡನಿಂದ ಆಗುವ ಸಹಾಯ ಬಹಳ ಕಡಿಮೆ. ಅನ್ನ ಕಲಸಿ ಕೊಟ್ಟಾರು, ಜಡೆ ಹಾಕಲು ಬರುತ್ತದೆಯೇ? ಕೊನ್ಸೊಲಾಟಾ ಯಾರೂ ಹೇಳದೆ ಬೆಳಿಗ್ಗೆ ಏಳಕ್ಕೆ ಮಗಳನ್ನೂ ಕರೆದುಕೊಂಡು ಬಂದಳು. ನನಗೆ ಸ್ನಾನ ಮಾಡಿಸಿದಳು, ನಮಾಜಿಗೆ ಮುಂಚೆ ಕೈಕಾಲು ತೊಳೆಸಿದಳು, ಯಾವ ಕಾಲು ಮೊದಲು ಎಂದು ಎರಡನೆಯ ದಿನಕ್ಕೇ ಕಲಿತಳು. ಅವಳು ಚರ್ಚಿಗೆ ಹೋಗುವವಳು! ನಾನು ನೆಟ್ಟಗೆ ಒಂದು ಮಾತು ಆಡದೆ ನಾಲ್ಕು ತಿಂಗಳು ದುಡಿಸಿಕೊಂಡ ಹೆಂಗಸು ನನ್ನ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಇದಕ್ಕೆ ಥ್ಯಾಂಕ್ಸ್ ಎಂಬ ಮಾತು ಸಾಲದು ಎಂದು ಅವಳಿಗೆ ಹೇಳಿದೆ. ನಿನಗೂ ಹೇಳುತ್ತಿದ್ದೇನೆ, ಯಾಕೆಂದರೆ ನೀನು ಅಲ್ಲಿಗೆ ಹೋಗದಿದ್ದರೆ ಅವಳು ನಮ್ಮ ಅಂಗಡಿಗೆ ಬರುತ್ತಿರಲಿಲ್ಲ.

ಹೀಗೆ ಒಂದು ಮಧ್ಯಾಹ್ನ ತಲೆ ಬಾಚಿಸಿಕೊಳ್ಳುತ್ತಾ, ಅವಳನ್ನು ನಗಿಸಲೆಂದು ಮಂಡಿ ಮೊಹಲ್ಲಾದ ನಮ್ಮ ರೇಷನ್ ಕಾರ್ಡಿನ ಕಥೆ ಹೇಳಿದೆ. ನಿನಗೆ ಗೊತ್ತಲ್ಲ, ನಾನು ಹೊಸ ಸೊಸೆ, ಒಂದೇ ಮನೆ, ಒಂದೇ ಅಡಿಗೆ. ಆದರೆ ಎರಡು ಕಾರ್ಡ್ ಇದ್ದರೆ ಸಕ್ಕರೆ, ಸೀಮೆಎಣ್ಣೆ ಎರಡು ಪಾಲು ಎಂದು ನನ್ನ ಅತ್ತೆ, ನಿನ್ನ ದಾದಿ, ನಮ್ಮನ್ನು ಕಾಗದದಲ್ಲಿ ಬೇರೆ ಮಾಡಿದರು. ಇನ್‌ಸ್ಪೆಕ್ಟರ್ ಬೋರಲಿಂಗಯ್ಯನವರು ಎರಡು ಒಲೆ ಇದೆಯೇ ಎಂದು ನೋಡಲು ಬಂದಾಗ ನಾನು ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟು ಬೆಂಕಿ ಹಚ್ಚಿ ಬರೀ ನೀರು ಕುದಿಸುತ್ತಾ ಕೂತಿದ್ದೆ. "ಏನಮ್ಮ ಅಡಿಗೆ?" ಎಂದರು. "ಸಾರು ಸ್ವಾಮಿ" ಎಂದೆ. ಅವರು ದಾದಿಯ ಒಲೆಯ ಚಹಾ ಕುಡಿದು ರುಜು ಹಾಕಿ ಹೋದರು. ಈ ಕಥೆಗೆ ನಗದವರನ್ನು ನಾನು ನೋಡಿಲ್ಲ. ಕೊನ್ಸೊಲಾಟಾಳೂ ನಕ್ಕಳು. ಆಮೇಲೆ ಬಾಚಣಿಗೆ ನಿಂತಿತು. ತಿರುಗಿ ನೋಡಿದರೆ ಅಳುತ್ತಿದ್ದಾಳೆ.

ಅವರೂ ಅದನ್ನೇ ಮಾಡಿದ್ದರು ನೌರೀನ್. ಟಾರ್ಪಾಲು ಹರಿದು ಮಳೆ ಒಳಗೆ ಸುರಿಯುತ್ತಿತ್ತು. ಅವಳ ಹೊಟ್ಟೆಯಲ್ಲಿ ಮಗು. ಒಂಟಿ ಮುದುಕಿಯರಿಗೆ ಬೇರೆ ಕಾರ್ಡ್, ಬೇರೆ ಟಾರ್ಪಾಲು, ಪಕ್ಕದ ತುಂಡು ನೆಲ ಕೊಡುತ್ತಿದ್ದರು. ತಾಯಿ ವೆನಾನ್ಸಿಯಾ ಮೂರು ಕಲ್ಲು ಇಟ್ಟು ಎರಡನೆಯ ಒಲೆ ಹೂಡಿ, ನನಗೆ ಮಕ್ಕಳಿಲ್ಲ, ಈಕೆ ಪಕ್ಕದ ಮನೆಯವಳು ಎಂದು ಬರೆಸಿದಳು. ಆ ಟಾರ್ಪಾಲಿನ ಕೆಳಗೇ ಮೊಮ್ಮಗಳು ಹುಟ್ಟಿದಳು. ಉಣ್ಣುವುದು ಒಂದೇ ಪಾತ್ರೆಯಲ್ಲಿ, ಮಲಗುವುದು ಒಂದೇ ಚಾಪೆಯಲ್ಲಿ, ಕಾಗದದಲ್ಲಿ ಮಾತ್ರ ನೆರೆಹೊರೆ. ಏಳೆಂಟು ವರ್ಷ ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. ಆಮೇಲೆ ಕೊನ್ಸೊಲಾಟಾಳ ಹೆಸರು ಅಮೆರಿಕಕ್ಕೆ ಕಳಿಸುವವರ ಪಟ್ಟಿಯಲ್ಲಿ ಬಂತು. ಇಂಟರ್‌ವ್ಯೂನಲ್ಲಿ ತಂದೆ ತಾಯಿ ಇದ್ದಾರೆಯೇ ಎಂದು ಕೇಳಿದರು. ನಿಜ ಹೇಳಿದರೆ ಸುಳ್ಳು ಕಾರ್ಡ್ ಎಂದು ತಾಯಿಯ ರೇಷನ್ ಹೋಗುತ್ತದೆ, ತನ್ನ ಮಗಳ ದಾರಿಯೂ ಮುಚ್ಚುತ್ತದೆ. "ನನಗೆ ತಾಯಿ ಇಲ್ಲ ಅಂದೆ, ಮಾಮಾ ನೌರೀನ್. ಅವಳು ಹೊರಗೆ ಮರದ ಕೆಳಗೆ ನನ್ನ ಮಗೂನ ಎತ್ಕೊಂಡು ಕೂತಿದ್ಲು" ಎಂದಳು. ಈಗ ತಿಂಗಳಿಗೊಮ್ಮೆ ಯಾರದೋ ಫೋನಿಗೆ ಕರೆ ಮಾಡುತ್ತಾಳೆ. ಪಕ್ಕದಲ್ಲಿ ಜನ ಇದ್ದರೆ ಆ ತಾಯಿ ಮಗಳನ್ನು "ನೆರೆಮನೆಯವಳೇ, ಚೆನ್ನಾಗಿದ್ದೀಯಾ" ಎಂದು ಮಾತಾಡಿಸುತ್ತಾಳಂತೆ.

ಅವಳು ಹೆದರಿಕೆಯಿಂದ ಹೇಳಿದ ಮಾತು ಅದು. ನಾನು ಏರ್‌ಪೋರ್ಟಿನಲ್ಲಿ ನಿನಗೆ ಏನು ಹೇಳಿದೆ? ಹೊಟ್ಟೆ ತುಂಬಿದವಳು, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು, "ಹೋಗು, ನನಗೆ ಮಗಳೇ ಇಲ್ಲ ಅಂದ್ಕೋತೀನಿ" ಎಂದೆ. ನೀನು ತಿರುಗಿ ನೋಡಿದೆ, ನಾನು ಮುಖ ಆಚೆ ಮಾಡಿದೆ. ಆ ದಿನದಿಂದ ಈ ದಿನದವರೆಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನ ಕೈಗೆ ಫೋನ್ ಇತ್ತು, ಪೆನ್ನು ಇತ್ತು, ಬರೆಯುವ ಬಲಗೈಯೂ ಡಿಸೆಂಬರಿನವರೆಗೆ ನೆಟ್ಟಗೇ ಇತ್ತು. ಇದ್ದದ್ದು ಬರೀ ಹಟ. ತಪ್ಪು ನನ್ನದು, ನೌರೀನ್. ಮಾಫ್ ಮಾಡು. ಇಷ್ಟು ದಿನ ಉತ್ತರ ಬರೆಯದವಳಿಗೆ ಪ್ರತಿ ಪತ್ರದ ಕೊನೆಗೆ "ಅಮ್ಮಿಗೆ ಸಲಾಮ್" ಎಂದು ಬರೆಯುತ್ತಾ ಬಂದೆಯಲ್ಲ, ಆ ಎರಡು ಪದಗಳಿಗೆ ನಾನು ಎಷ್ಟು ಋಣಿ ಎಂದು ನಿನಗೆ ತಿಳಿಯದು.

ನುವಾರ್ಕಿನಲ್ಲಿ ಇಂಥವರಿಗೆ ಪುಕ್ಕಟೆ ಸಲಹೆ ಕೊಡುವ ಒಬ್ಬ ವಕೀಲೆ ಇದ್ದಾರೆ. ಕೊನ್ಸೊಲಾಟಾಳನ್ನು ಅವರ ಹತ್ತಿರ ಕರೆದುಕೊಂಡು ಹೋದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ನಿಜ ಬರೆದುಕೊಟ್ಟರೆ ತಾಯಿಯನ್ನು ಕರೆಸಲು ದಾರಿ ತೆರೆಯಬಹುದು, ಆದರೆ ಹಿಂದೆ ಸುಳ್ಳು ಹೇಳಿದ್ದಕ್ಕೆ ಅವಳ ಕಾಗದಗಳಿಗೇ ತೊಂದರೆ ಬರಲೂಬಹುದು, ಯೋಚಿಸಿ ಎಂದರು. ಕೊನ್ಸೊಲಾಟಾ ಒಂದು ವಾರ ಯೋಚಿಸಿ, ಬರೆದುಕೊಡುತ್ತೇನೆ ಎಂದಳು. ತೊಡಕು ಏನೆಂದರೆ, ಅಲ್ಲಿ ತಾಯಿಯೂ ಅದೇ ಮಾತು ಹೇಳಬೇಕು. ಆಕೆ ಒಪ್ಪುತ್ತಿಲ್ಲ. ನಿಜ ಹೇಳಿದರೆ ಮಗಳನ್ನೂ ಮೊಮ್ಮಗಳನ್ನೂ ಅಮೆರಿಕದಿಂದ ಓಡಿಸುತ್ತಾರೆ ಎಂಬ ಹೆದರಿಕೆ. ಮೊನ್ನೆ ವಕೀಲೆಯ ಪತ್ರ ನೋಡಿ ಅಲ್ಲಿಯ ಕಚೇರಿಯವರು ಕರೆದು ಕೇಳಿದಾಗಲೂ, ಕೊನ್ಸೊಲಾಟಾ ಯಾರೋ ನನಗೆ ಗೊತ್ತಿಲ್ಲ ಎಂದುಬಿಟ್ಟಳಂತೆ. ಮಾರ್ಚ್ ಒಂಬತ್ತಕ್ಕೆ ಇನ್ನೊಂದು ಸಲ ಕರೆದಿದ್ದಾರೆ. ಆ ದಿನವೂ ಇಲ್ಲ ಎಂದರೆ ಕಡತ ಅಲ್ಲಿಗೆ ಮುಚ್ಚಿದ ಹಾಗೆ. ಹೂಂ ಎಂದರೂ ಮುಂದಿನ ತಪಾಸಣೆಗೆಲ್ಲ ಕಡಿಮೆ ಎಂದರೂ ಒಂದು ವರ್ಷ. ಆಕೆಗೆ ಅರವತ್ತಾರು, ಒಂದು ಕಣ್ಣು ಮಂಜು. ಫೋನಿನಲ್ಲಿ ಮಗಳು ಎಷ್ಟು ಹೇಳಿದರೂ, ಯಾರೋ ಅವಳ ಬಾಯಿಂದ ಹೇಳಿಸುತ್ತಿದ್ದಾರೆ ಎಂದುಕೊಳ್ಳುತ್ತಾಳಂತೆ.

ಇಷ್ಟು ಬರೆಯುವಷ್ಟರಲ್ಲಿ ಕೈ ನೋಯುತ್ತಿದೆ. ಕೊನ್ಸೊಲಾಟಾ ಪಕ್ಕದಲ್ಲಿ ಕೋಟಿನ ಅಂಚು ಮಡಿಸುತ್ತಾ, ಮಗಳಿಗೆ ಇಷ್ಟುದ್ದ ಏನು ಬರೆಯುತ್ತಿದ್ದೀರಿ ಎಂದು ನಗುತ್ತಿದ್ದಾಳೆ. ಅಬ್ಬಾ ಸಲಾಮ್ ಹೇಳಿದ್ದಾರೆ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ಸಲಾಮ್ ತಿಳಿಸು, ನನ್ನ ಮಗಳನ್ನು ಜ್ವರದಲ್ಲಿ ನೋಡಿಕೊಂಡ ಆ ಸೋಮಾಲಿ ನರ್ಸಮ್ಮನಿಗೆ ವಿಶೇಷವಾಗಿ. ಅಲ್ಲಾಹ್ ನಿನಗೆ ಆರೋಗ್ಯ ಕೊಡಲಿ, ನೀನು ಮುಟ್ಟಿದ ನೀರು ಕುಡಿದವರೆಲ್ಲ ತಣ್ಣಗಿರಲಿ.

ನಿನ್ನ ಅಮ್ಮಿ,
ದಿಲ್ಶಾದ್

ಮರೆತೆ, ಅಬ್ಬಾ ಸ್ಕ್ಯಾನರ್ ಹಾಕಿಯಾಯಿತು, ಬೇಗ ಬರೆಯುತ್ತೇನೆ: ಪದ್ಮಜಾಗೆ ನಿನ್ನೆ ಫೋನ್ ಮಾಡಿ, ನೌರೀನ್‌ಗೆ ಸದ್ಯ ಬಿಡುವಿಲ್ಲ, ಬೇರೆ ಯಾರಿಗಾದರೂ ಆ ಕೆಲಸ ಕೊಡಿಸಿ ಎಂದೆ. ನಿನ್ನನ್ನು ಕೇಳದೆ ಹೇಳಿದ್ದು ತಪ್ಪೇ. ನಿನಗೆ ಬೇಕಿದ್ದರೆ ತಿಂಗಳ ಕೊನೆಯವರೆಗೆ ಸಮಯವಿದೆ, ನೀನೇ ಮಾತಾಡು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ನೀನು ಕೇಳಿದ್ದಕ್ಕೆ ನನ್ನ ಉತ್ತರ, ಇರು. ಇನ್ನೊಂದು ವರ್ಷ ಇರು. ಟಿನ್ ಮಾಡಿನ ಚರ್ಚಿನ ಹಿಂದಿನ ಸಾಲು, ಕೊನೆಯ ಮನೆ, ವೆನಾನ್ಸಿಯಾ. ಕಚೇರಿಯ ಫೈಲು ಹಿಡಿದು, ಬ್ಯಾಡ್ಜು ಹಾಕಿಕೊಂಡು ಹೋಗಬೇಡ, ಹೆದರುತ್ತಾಳೆ. ಒಂದೇ ದಿನಕ್ಕೆ ವಿಷಯ ಎತ್ತಲೂ ಬೇಡ. ನಾಲ್ಕು ದಿನ ಸುಮ್ಮನೆ ಹೋಗಿ ಕೂತು ಬಾ, ಏನು ಕೊಟ್ಟರೂ ತಿನ್ನು, ಹೊಟ್ಟೆ ಕೆಟ್ಟರೆ ಕೆಡಲಿ. ಆಮೇಲೆ ನಾನು ಯಾರ ಮಗಳು, ನಿಮ್ಮ ಮಗಳು ಈಗ ಯಾರ ತಲೆ ಬಾಚುತ್ತಾಳೆ ಎಂದು ಹೇಳು. ಮಾರ್ಚ್ ಒಂಬತ್ತರಂದು ಆಕೆಯನ್ನು ಒಂಟಿಯಾಗಿ ಕಳಿಸಬೇಡ. ಕೈ ಹಿಡಿದುಕೊಂಡು ಒಳಗೆ ಹೋಗು. ಅದೇ ದಿನ ಇಲ್ಲಿ ನುವಾರ್ಕಿನಲ್ಲಿ ಕೊನ್ಸೊಲಾಟಾ ರುಜು ಹಾಕುತ್ತಾಳೆ, ಅವಳ ಕೈ ನಾನು ಹಿಡಿದಿರುತ್ತೇನೆ.